ಸಿಲೆನ್ಸರೇ ಇಲ್ಲದ ಬಸ್ಸಿನ ಹಿಂದೆ ಧೂಳು ಯಾಕೆ?

ಮೊನ್ನೆ ಬನ್ನೇರುಘಟ್ಟ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಹೊಸ ಎಲೆಕ್ಟ್ರಿಕ್ ಬಸ್ಸೊಂದು ಬಂತು. ಸದ್ದಿಲ್ಲ, ಹೊಗೆಯಿಲ್ಲ. ಇಬ್ಬರನ್ನು ಇಳಿಸಿ, ಮೂವರನ್ನು ಹತ್ತಿಸಿಕೊಂಡು ಹೊರಟಿತು. ಆದರೆ ಅದರ ಹಿಂದಿನ ಚಕ್ರದ ಹತ್ತಿರದಿಂದ ಎದ್ದ ಧೂಳು ಹಳೇ ಡೀಸೆಲ್ ಬಸ್ಸಿನದಕ್ಕಿಂತ ಒಂದು ಚೂರೂ ಕಡಿಮೆ ಇರಲಿಲ್ಲ. ಸ್ಟಾಪಿನ ಪಕ್ಕ ಹೂ ಮಾರುವ ಅಕ್ಕ ಬುಟ್ಟಿಯ ಮೇಲೆ ಒದ್ದೆ ಬಟ್ಟೆ ಎಳೆದುಕೊಂಡರು. ಧೂಳು ಸ್ವಲ್ಪ ಕೂತ ಮೇಲೆ ಚೊಂಬಿನಲ್ಲಿ ನೀರು ತೆಗೆದು ತಮ್ಮ ಮುಂದಿನ ಎರಡು ಮಾರು ರಸ್ತೆಗೆ ಚಿಮುಕಿಸಿದರು. "ದಿನಕ್ಕೆ ನಾಲ್ಕು ಸಲ ಹಾಕ್ಬೇಕಣ್ಣ, ಇಲ್ದಿದ್ರೆ ಸಂಜೆಗೆ ಮಲ್ಲಿಗೆ ಎಲ್ಲಾ ಮಣ್ಣು ಬಣ್ಣ" ಅಂದರು.

ಬಸ್ಸಿಗೆ ಸಿಲೆನ್ಸರೇ ಇಲ್ಲ. ಹಾಗಾದರೆ ಆ ಧೂಳು ಯಾರದು?

ವಾಹನ ಮಾಲಿನ್ಯ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಸಿಲೆನ್ಸರ್‌ನಿಂದ ಬರುವ ಕಪ್ಪು ಹೊಗೆ. ಎಮಿಷನ್ ಟೆಸ್ಟ್ ಮಾಡುವುದು ಅದಕ್ಕೆ, ಹೊಸ ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ತಂದಿದ್ದು ಅದಕ್ಕೆ, ಎಲೆಕ್ಟ್ರಿಕ್ ಗಾಡಿಗೆ ಸಬ್ಸಿಡಿ ಕೊಟ್ಟಿದ್ದೂ ಬಹುಪಾಲು ಅದಕ್ಕೇ. ತಪ್ಪೇನಿಲ್ಲ. ಆದರೆ ರಸ್ತೆಯಲ್ಲಿ ಓಡುವ ಗಾಡಿ ಗಾಳಿಗೆ ಕಣ ಸೇರಿಸುವ ದಾರಿ ಇದೊಂದೇ ಅಲ್ಲ. ಟೈರು ಸವೆಯುತ್ತದೆ, ಬ್ರೇಕು ಸವೆಯುತ್ತದೆ, ರಸ್ತೆ ಸವೆಯುತ್ತದೆ. ಇದೆಲ್ಲಕ್ಕಿಂತ ಜಾಸ್ತಿ, ರಸ್ತೆ ಮೇಲೆ ಆಗಲೇ ಬಿದ್ದಿರುವ ಮಣ್ಣನ್ನು ಚಕ್ರ ಮತ್ತೆ ಮತ್ತೆ ಎಬ್ಬಿಸುತ್ತದೆ.

ಮೊದಲು ಗಾತ್ರದ ವಿಷಯ ಮುಗಿಸಿಬಿಡೋಣ, ಮುಂದೆ ಪದೇ ಪದೇ ಬರುತ್ತದೆ. ಪಿಎಂ 10 ಅಂದರೆ 10 ಮೈಕ್ರೊಮೀಟರ್ ಮತ್ತು ಅದಕ್ಕಿಂತ ಸಣ್ಣ ಕಣಗಳು. ಪಿಎಂ 2.5 ಅಂದರೆ ಎರಡೂವರೆ ಮೈಕ್ರೊಮೀಟರ್ ಮತ್ತು ಅದಕ್ಕಿಂತ ಸಣ್ಣವು, ಅಂದರೆ ಪಿಎಂ 10 ಲೆಕ್ಕದ ಒಳಗೇ ಇದೂ ಸೇರಿರುತ್ತದೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರೊಮೀಟರ್. ಒಂದು ಕೂದಲ ಅಗಲದಲ್ಲಿ ಪಿಎಂ 2.5 ಕಣಗಳನ್ನು ಸಾಲಾಗಿ ಕೂರಿಸಿದರೆ ಇಪ್ಪತ್ತಕ್ಕೂ ಜಾಸ್ತಿ ಹಿಡಿಸುತ್ತವೆ. ದಪ್ಪ ಕಣ ಬಹುಪಾಲು ಮೂಗು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಸೀನುತ್ತೇವೆ, ಕೆಮ್ಮುತ್ತೇವೆ, ಮನೆಗೆ ಬಂದು ಮುಖ ತೊಳೆದರೆ ಟವೆಲ್ ಕಂದಾಗುತ್ತದೆ. ಸಣ್ಣ ಕಣ ಶ್ವಾಸಕೋಶದ ತಳದವರೆಗೆ ಇಳಿಯುತ್ತದೆ, ಅತಿ ಸಣ್ಣವು ಅಲ್ಲಿಂದ ರಕ್ತಕ್ಕೂ ಸೇರುತ್ತವೆ. ಹೊಗೆ ಜಾಸ್ತಿ ಇರುವ ಊರಿನಲ್ಲಿ ಆಸ್ತಮಾ ಮಾತ್ರವಲ್ಲ, ಹೃದಯಾಘಾತ, ಪಾರ್ಶ್ವವಾಯು ಕೂಡ ಹೆಚ್ಚುವುದು ಅದಕ್ಕೇ.

ಈಗ ಟೈರು. "ಗ್ರಿಪ್ ಹೋಗಿದೆ ಸಾರ್, ಚೇಂಜ್ ಮಾಡ್ಸಿ" ಅನ್ನುತ್ತಾರಲ್ಲ ಪಂಕ್ಚರ್ ಅಂಗಡಿಯವರು, ಆ ಗ್ರಿಪ್ ಹೋಗಿದ್ದು ಎಲ್ಲಿಗೆ ಅಂತ ನಾನಂತೂ ಯೋಚನೆ ಮಾಡಿರಲಿಲ್ಲ. ಆವಿಯಾಗಿ ಹೋಗಿಲ್ಲ. ನಾವು ಓಡಾಡಿದ ರಸ್ತೆಯ ಮೇಲೆ ಪುಡಿಯಾಗಿ ಬಿದ್ದಿದೆ. ಸ್ವಲ್ಪ ಗಾಳಿಗೆ ಹೋಯಿತು, ಜಾಸ್ತಿ ಪಾಲು ರಸ್ತೆಯ ಧೂಳಿಗೆ ಸೇರಿತು, ಮಳೆ ಬಂದಾಗ ಮೋರಿಗೆ, ಅಲ್ಲಿಂದ ಕೆರೆಗೆ. ಬ್ರೇಕ್ ಶೂ ಕಥೆಯೂ ಇದೇ. ಆದರೆ ಬ್ರೇಕಿನಿಂದ ಉದುರುವ ಪುಡಿ ಟೈರಿನದಕ್ಕಿಂತ ನುಣುಪು, ಗಾಳಿಯಲ್ಲಿ ತೇಲುವ ಪಾಲು ಹೆಚ್ಚು, ಜೊತೆಗೆ ಕಬ್ಬಿಣ, ತಾಮ್ರ, ಬೇರಿಯಂನಂಥ ಲೋಹಗಳು ಇರುತ್ತವೆ. ಬ್ರೇಕ್ ಹಾಕುವುದು, ಮತ್ತೆ ಎಳೆಯುವುದು, ಮತ್ತೆ ಬ್ರೇಕ್. ನಮ್ಮ ಏರಿಯಾದಲ್ಲಿ ಅರ್ಧ ಕಿಲೋಮೀಟರಿಗೆ ಏಳು ಹಂಪ್ ಇವೆ, ಅದರಲ್ಲಿ ಎರಡಕ್ಕೆ ಬಣ್ಣವೂ ಇಲ್ಲ. ಪ್ರತಿ ಹಂಪ್‌ನಲ್ಲೂ ಒಂದಿಷ್ಟು ಲೋಹದ ಪುಡಿ ಬೀಳುತ್ತಿದೆ ಅಂತ ಲೆಕ್ಕ ಹಾಕಿಕೊಳ್ಳಿ.

ಇನ್ನು ಮಣ್ಣು. ನಮ್ಮ ಊರಿನ ಮಟ್ಟಿಗೆ ದೊಡ್ಡ ವಿಷಯ ಇದೇ.

ರಸ್ತೆಯಲ್ಲಿ ಬಿದ್ದ ನುಣ್ಣನೆ ಮಣ್ಣು ಚಕ್ರದ ಅಡಿಗೆ ಸಿಕ್ಕಿ ಇನ್ನೂ ನುಣ್ಣಗಾಗುತ್ತದೆ. ಗಾಡಿ ಮುಂದೆ ಹೋದಾಗ ಹಿಂದೆ ಸುಳಿಯುವ ಗಾಳಿ ಅದನ್ನು ಮೇಲೆತ್ತುತ್ತದೆ. ದಪ್ಪ ಕಣ ನಾಲ್ಕು ಹೆಜ್ಜೆಯಲ್ಲಿ ಕೂರುತ್ತದೆ, ಮುಂದಿನ ಗಾಡಿ ಬಂದು ಮತ್ತೆ ಎಬ್ಬಿಸುತ್ತದೆ. ಅದೇ ಮಣ್ಣು ದಿನಕ್ಕೆ ಸಾವಿರ ಸಲ ಎದ್ದು ಕೂರುತ್ತದೆ, ಪ್ರತಿ ಸಲ ಇನ್ನಷ್ಟು ಸಣ್ಣದಾಗುತ್ತಾ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಇದಕ್ಕೊಂದು ಸೂತ್ರ ಮಾಡಿಟ್ಟಿದೆ, ನಮ್ಮಲ್ಲಿ ಈ ಅಧ್ಯಯನ ಮಾಡುವವರೂ ಸಾಮಾನ್ಯವಾಗಿ ಅದನ್ನೇ ಬಳಸುತ್ತಾರೆ. ಡಾಂಬರು ರಸ್ತೆಯಲ್ಲಿ ಗಾಡಿಯೊಂದು ಕಿಲೋಮೀಟರಿಗೆ ಎಷ್ಟು ಧೂಳು ಎಬ್ಬಿಸುತ್ತದೆ ಅನ್ನುವುದು ಮುಖ್ಯವಾಗಿ ಎರಡರ ಮೇಲೆ ನಿಂತಿದೆ: ಒಂದು ಚದರ ಮೀಟರ್ ರಸ್ತೆಯ ಮೇಲೆ ಎಷ್ಟು ನುಣ್ಣನೆ ಮಣ್ಣಿದೆ, ಮತ್ತು ಅಲ್ಲಿ ಓಡುವ ಗಾಡಿಗಳ ಸರಾಸರಿ ತೂಕ ಎಷ್ಟು. ಎರಡರಲ್ಲಿ ಯಾವುದು ದುಪ್ಪಟ್ಟಾದರೂ ಧೂಳು ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಎಂಜಿನ್ ಪೆಟ್ರೋಲಾ, ಡೀಸೆಲ್ಲಾ, ಬ್ಯಾಟರಿಯಾ ಅನ್ನುವ ಪ್ರಶ್ನೆಗೆ ಆ ಸೂತ್ರದಲ್ಲಿ ಜಾಗವೇ ಇಲ್ಲ. ನಾನು ಸ್ಟಾಪಿನಲ್ಲಿ ನೋಡಿದ್ದು ಇದನ್ನೇ.

ಹಾಗಾದರೆ ಅಷ್ಟು ಮಣ್ಣು ರಸ್ತೆಗೆ ಬರುವುದು ಹೇಗೆ? ನಮ್ಮ ರಸ್ತೆಯಲ್ಲಿ ಒಂದು ವಾರ ಸುಮ್ನೆ ನೋಡುತ್ತಾ ಓಡಾಡಿದೆ. ಡಾಂಬರು ಮುಗಿಯುವ ಜಾಗಕ್ಕೂ ಮನೆಗಳ ಕಾಂಪೌಂಡಿಗೂ ನಡುವೆ ಎರಡು ಮೂರು ಅಡಿ ಬರೀ ಮಣ್ಣು, ಸ್ಕೂಟರಿನವರು ಟ್ರಾಫಿಕ್ ತಪ್ಪಿಸಲು ಅಲ್ಲಿಗೇ ಇಳಿಸುತ್ತಾರೆ, ಹತ್ತುವಾಗ ಒಂದಿಷ್ಟು ಮಣ್ಣನ್ನು ಡಾಂಬರಿಗೆ ತರುತ್ತಾರೆ. ಬೇಸ್‌ಮೆಂಟ್ ತೋಡುವ ಸೈಟಿನಿಂದ ಟಿಪ್ಪರ್ ಹೊರಗೆ ಬಂದರೆ ಅದರ ಚಕ್ರದ ಗುರುತು ಅರ್ಧ ಕಿಲೋಮೀಟರ್ ಕೆಂಪಾಗಿ ಕಾಣುತ್ತದೆ. ಎಂ-ಸ್ಯಾಂಡ್ ಲಾರಿಗೆ ಟಾರ್ಪಾಲ್ ಇರುತ್ತದೆ, ಆದರೆ ಮಡಚಿಟ್ಟಿರುತ್ತದೆ. ನೀರಿನ ಪೈಪಿಗೆ ಅಂತ ಅಗೆದಿದ್ದನ್ನು ಮುಚ್ಚುತ್ತಾರೆ, ಮಣ್ಣಿನಿಂದಲೇ ಮುಚ್ಚುತ್ತಾರೆ, ಡಾಂಬರು ಬರುವಷ್ಟರಲ್ಲಿ ಕೇಬಲ್‌ನವರು ಬಂದು ಮತ್ತೆ ಅಗೆಯುತ್ತಾರೆ. ನನಗೆ ಅತಿ ಬೇಜಾರಾಗುವುದು ಮೋರಿ ಹೂಳು. ಮಳೆಗಾಲಕ್ಕೆ ಮುಂಚೆ ಅದನ್ನು ತೆಗೆದು ಮೋರಿಯ ಪಕ್ಕದಲ್ಲೇ ಗುಡ್ಡೆ ಹಾಕುತ್ತಾರೆ, ನಾಳೆ ಗಾಡಿ ಬರುತ್ತೆ ಅನ್ನುತ್ತಾರೆ. ಗಾಡಿ ಬರುವುದಿಲ್ಲ. ಹೂಳು ಬಿಸಿಲಿಗೆ ಒಣಗಿ, ಪುಡಿಯಾಗಿ, ಅರ್ಧ ನಮ್ಮ ಮೂಗಿಗೆ ಹೋಗಿ ಉಳಿದರ್ಧ ಮಳೆ ಬಂದಾಗ ಅದೇ ಮೋರಿಗೆ ಇಳಿಯುತ್ತದೆ.

ಬೆಂಗಳೂರಿನ ಸಿಸ್ಟೆಪ್ ಸಂಸ್ಥೆ ನಗರದ ಮಾಲಿನ್ಯ ಎಲ್ಲೆಲ್ಲಿಂದ ಬರುತ್ತದೆ ಅಂತ ಲೆಕ್ಕ ಮಾಡಿದಾಗ ಪಿಎಂ 10ರಲ್ಲಿ ಮೊದಲ ಸ್ಥಾನ ಬಂದಿದ್ದು ರಸ್ತೆ ಧೂಳಿಗೆ. ಪಿಎಂ 2.5ಕ್ಕೆ ಬಂದರೆ ಮುಂದೆ ನಿಂತಿದ್ದು ವಾಹನಗಳ ಹೊಗೆ. ಈ ಎರಡು ಸಾಲನ್ನು ಜೊತೆಗೇ ಇಟ್ಟುಕೊಂಡು ಓದಬೇಕು, ಒಂದನ್ನೇ ಹಿಡಿದರೆ ದಾರಿ ತಪ್ಪುತ್ತದೆ. ಇಪಿಎ ಸೂತ್ರದ ಪ್ರಕಾರ ಚಕ್ರ ಎಬ್ಬಿಸುವ ಪಿಎಂ 10 ಧೂಳಿನಲ್ಲಿ ತೂಕದ ಲೆಕ್ಕಕ್ಕೆ ಸುಮಾರು ಕಾಲು ಭಾಗ ಮಾತ್ರ ಪಿಎಂ 2.5. ಡೀಸೆಲ್ ಹೊಗೆಯಾದರೋ ಹೆಚ್ಚುಕಡಿಮೆ ಪೂರ್ತಿ ಸಣ್ಣ ಕಣವೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಗೆ ಸೇರಿಸಿತು. ಜೊತೆಗೆ ಸಿಲೆನ್ಸರ್‌ನಿಂದ ಅನಿಲವಾಗಿ ಹೊರಬಂದ ನೈಟ್ರೋಜನ್ ಆಕ್ಸೈಡುಗಳು ಆಮೇಲೆ ಗಾಳಿಯಲ್ಲೇ ಬೇರೆ ಅನಿಲಗಳ ಜೊತೆ ಸೇರಿ ಸಣ್ಣ ಕಣಗಳಾಗುತ್ತವೆ, ಅದನ್ನು ಯಾವ ಸಿಲೆನ್ಸರ್ ಹತ್ತಿರವೂ ಹಿಡಿದು ಅಳೆಯಲು ಆಗುವುದಿಲ್ಲ.

ಹೊಗೆ ವಿಷಯದಲ್ಲಿ ನಾವು ನಿಜವಾಗಿಯೂ ಮುಂದೆ ಬಂದಿದ್ದೇವೆ, ಅದನ್ನು ಒಪ್ಪಿಕೊಳ್ಳಬೇಕು. 2020ರ ಏಪ್ರಿಲ್ 1ರಿಂದ ದೇಶಪೂರ್ತಿ ಬಿಎಸ್-6. ಇಂಧನದಲ್ಲಿ ಗಂಧಕ ಹತ್ತು ಲಕ್ಷ ಭಾಗಕ್ಕೆ 50 ಇದ್ದಿದ್ದು 10ಕ್ಕೆ ಇಳಿಯಿತು. ಡೀಸೆಲ್ ಕಾರು ಕಿಲೋಮೀಟರಿಗೆ ಬಿಡಬಹುದಾದ ಕಣಗಳ ಮಿತಿ ಬಿಎಸ್-4ರಲ್ಲಿ 25 ಮಿಲಿಗ್ರಾಂ ಇತ್ತು, ಬಿಎಸ್-6ರಲ್ಲಿ ನಾಲ್ಕೂವರೆ. ಆದರೆ ಈ ನಿಯಮ ಹೊಸ ಗಾಡಿಗೆ. 2017ಕ್ಕೂ ಮುಂಚಿನ ಬಿಎಸ್-3 ಲಾರಿಗೆ ಇದ್ದ ಮಿತಿ ಈಗಿನ ಬಿಎಸ್-6 ಲಾರಿಯ ಹತ್ತು ಪಟ್ಟು. ಅಂಥ ಲಾರಿ ಒಂದು ರಾತ್ರಿ ಹೊತ್ತು ಸಿಟಿಯೊಳಗೆ ಬಂದರೆ ಹತ್ತು ಹೊಸ ಲಾರಿ ಬಂದಷ್ಟು ಹೊಗೆ, ಅದೂ ಅದರ ಎಂಜಿನ್ ಸರಿಯಾಗಿದ್ದರೆ.

ಎಂಜಿನ್ ಸರಿಯಾಗಿದೆಯಾ ಅಂತ ನೋಡುವುದಕ್ಕೆ ಎಮಿಷನ್ ಟೆಸ್ಟ್ ಇದೆಯಲ್ಲ ಅಂತೀರಾ? ಪೆಟ್ರೋಲ್ ಗಾಡಿಯಾದರೆ ಅಲ್ಲಿ ಅಳೆಯುವುದು ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್. ಡೀಸೆಲ್ ಆದರೆ ಹೊಗೆ ಎಷ್ಟು ಕಪ್ಪಗಿದೆ ಅಂತ. ಕಣಗಳ ತೂಕವನ್ನಾಗಲಿ ಎಣಿಕೆಯನ್ನಾಗಲಿ ಯಾರೂ ನೋಡುವುದಿಲ್ಲ. ನನ್ನ ಹಳೇ ಸ್ಕೂಟರಿನ ಟೆಸ್ಟ್ ಒಮ್ಮೆ ಮುಗಿದಿದ್ದು ನಂಬರ್ ಪ್ಲೇಟಿನ ಫೋಟೋ ತೆಗೆಯುವಷ್ಟರಲ್ಲಿ. ಎಂಜಿನ್ ಆಫ್ ಇತ್ತು, ಸರ್ಟಿಫಿಕೇಟ್ ಬಂತು.

ಸರ್ಕಾರದ ಕಡೆ ಏನಾಗುತ್ತಿದೆ ಅಂದರೆ, ಇಲ್ಲಿ ಕಥೆ ಉಲ್ಟಾ. ಕೇಂದ್ರದ ಎನ್‌ಸಿಎಪಿ ಅನ್ನುವ ಶುದ್ಧ ಗಾಳಿ ಯೋಜನೆ 2019ರಲ್ಲಿ ಶುರುವಾಯಿತು. ಗಾಳಿಯಲ್ಲಿನ ಕಣಗಳನ್ನು 2017ಕ್ಕೆ ಹೋಲಿಸಿ 2024ರ ಹೊತ್ತಿಗೆ ಶೇ 20ರಿಂದ 30 ಇಳಿಸುವುದು ಮೊದಲ ಗುರಿ, ಆಮೇಲೆ ಅದನ್ನು 2025-26ಕ್ಕೆ ಶೇ 40 ಅಂತ ಏರಿಸಿದರು. ಕರ್ನಾಟಕದಿಂದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಈ ಪಟ್ಟಿಯಲ್ಲಿವೆ. ಆದರೆ ಊರುಗಳಿಗೆ ಅಂಕ ಕೊಡುವುದು ಪಿಎಂ 10 ನೋಡಿ. ಪಿಎಂ 10 ಇಳಿಸಲು ಸುಲಭದ ದಾರಿ ಯಾವುದು? ರಸ್ತೆಗೆ ಕಲ್ಲು ಹಾಸುವುದು, ಗುಡಿಸುವ ಯಂತ್ರ, ನೀರು ಸಿಂಪಡಿಸುವ ಟ್ಯಾಂಕರ್. ದಿಲ್ಲಿಯ ಸಿಎಸ್‌ಇ ಸಂಸ್ಥೆ 2024ರಲ್ಲಿ ಲೆಕ್ಕ ತೆಗೆದು ನೋಡಿದಾಗ ಈ ಯೋಜನೆಯ ದುಡ್ಡಿನಲ್ಲಿ ಶೇ 64ರಷ್ಟು ಧೂಳು ತಡೆಯುವ ಕೆಲಸಕ್ಕೇ ಹೋಗಿತ್ತು. ವಾಹನಗಳ ಹೊಗೆಗೆ ಸಿಕ್ಕಿದ್ದು ಶೇ 13ಕ್ಕಿಂತ ಕಡಿಮೆ.

ಅಂದರೆ ಜನ ಹೊಗೆಯನ್ನು ಬೈಯುತ್ತಾ ಧೂಳನ್ನು ಮರೆತಿದ್ದೇವೆ, ಸರ್ಕಾರ ಧೂಳಿಗೆ ದುಡ್ಡು ಸುರಿದು ಹೊಗೆಯನ್ನು ಮರೆತಿದೆ. ಅಷ್ಟು ಸುರಿದ ಮೇಲೆ ಧೂಳಾದರೂ ಹೋಯಿತಾ? ನೀವೇ ನಿಮ್ಮ ಮನೆಯ ಕಿಟಕಿ ಸರಳಿನ ಮೇಲೆ ಬೆರಳಾಡಿಸಿ ನೋಡಿ.

ಧೂಳು ಹೋಗದೆ ಇರುವುದಕ್ಕೆ ಕಾರಣ ತುಂಬಾ ಸಾದಾ. ಗುಡಿಸುವ ಯಂತ್ರ ಕೆಲಸ ಮಾಡುವುದು ರಸ್ತೆಯ ಅಂಚಿನಲ್ಲಿ, ಮಣ್ಣು ಸೇರುವ ಜಾಗದಲ್ಲಿ. ನಮ್ಮಲ್ಲಿ ಆ ಅಂಚಿಗೆ ಕಾರು ನಿಲ್ಲಿಸಿರುತ್ತಾರೆ. ಕಾರು ಇಲ್ಲದ ಕಡೆ ಅಂಚೇ ಇರುವುದಿಲ್ಲ, ಡಾಂಬರು ಕರಗಿ ಮಣ್ಣಾಗಿರುತ್ತದೆ. ಯಂತ್ರ ಹೋಗದ ಕ್ರಾಸುಗಳಲ್ಲಿ ಪೌರಕಾರ್ಮಿಕರು ಬೆಳಿಗ್ಗೆ ಒಣ ಪೊರಕೆಯಿಂದ ಗುಡಿಸುತ್ತಾರೆ, ಧೂಳು ಗುಡ್ಡೆಯಾಗುವುದಕ್ಕಿಂತ ಮೊದಲು ಅವರ ಎದೆಗೆ ಹೋಗುತ್ತದೆ. ಟ್ಯಾಂಕರ್ ನೀರು ಮಾರ್ಚ್ ಬಿಸಿಲಿಗೆ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಹೂವಿನ ಅಕ್ಕನನ್ನು ಕೇಳಿದರೆ ಹೇಳುತ್ತಾರೆ. ಮಣ್ಣು ಅಲ್ಲೇ ಇರುತ್ತದೆ, ಒದ್ದೆ ಇರುವಷ್ಟು ಹೊತ್ತು ಸುಮ್ಮನಿರುತ್ತದೆ ಅಷ್ಟೇ.

ಇದಕ್ಕೆ ವಿರುದ್ಧದ ಉದಾಹರಣೆ ಬೇಕಾದರೆ ಚರ್ಚ್ ಸ್ಟ್ರೀಟ್ ಅಥವಾ ಸೇಂಟ್ ಮಾರ್ಕ್ಸ್ ರಸ್ತೆಗೆ ಹೋಗಿ. ಟೆಂಡರ್ ಶ್ಯೂರ್ ಅಂತ ಫುಟ್‌ಪಾತ್, ಪೈಪು ಎಲ್ಲಾ ಸೇರಿಸಿ ಒಟ್ಟಿಗೇ ಕಟ್ಟಿದ ರೀತಿಯ ರಸ್ತೆಗಳಲ್ಲಿ ಒಂದು ಕಟ್ಟಡದ ಗೋಡೆಯಿಂದ ಎದುರಿನ ಗೋಡೆಯವರೆಗೆ ಬರಿ ಮಣ್ಣು ಕಾಣುವ ಜಾಗ ಕಡಿಮೆ. ಪೈಪು ಕೇಬಲ್ಲು ಹೋಗಲು ಕೆಳಗೆ ಡಕ್ಟ್ ಇದೆ, ಆದ್ದರಿಂದ ಅಗೆಯುವುದೂ ಕಡಿಮೆ. ಅಲ್ಲೂ ಗಾಡಿಗಳಿವೆ, ಹೊಗೆಯಿದೆ, ಆದರೆ ಮಣ್ಣಿನ ಮೋಡ ಏಳುವುದಿಲ್ಲ. ಖರ್ಚು ಜಾಸ್ತಿ ಅಂತ ಅದನ್ನು ಬೈದವರು ಬಹಳ ಜನ, ನಾನೂ ಬೈದಿದ್ದೆ. ಈಗ ಅನಿಸುವುದೇನೆಂದರೆ ಒಂದೇ ರಸ್ತೆಯನ್ನು ಐದು ಸಲ ಅಗೆದು ಮುಚ್ಚುವುದಕ್ಕೂ ಖರ್ಚಿದೆ, ಅದರ ಬಿಲ್ಲು ಆಸ್ಪತ್ರೆಯಲ್ಲಿ ಬರುತ್ತದೆ.

ಇಷ್ಟೆಲ್ಲಾ ಇದ್ದರೂ ಮೊಬೈಲ್ ತೆಗೆದು ನೋಡಿದರೆ ಬೆಂಗಳೂರಿನ ಎಕ್ಯೂಐ, ಅಂದರೆ ಗಾಳಿಯ ಗುಣಮಟ್ಟದ ಸೂಚ್ಯಂಕ, ವರ್ಷದ ಬಹುತೇಕ ದಿನ "ಸಮಾಧಾನಕರ" ಅನ್ನುತ್ತದೆ, ಹೆಚ್ಚೆಂದರೆ "ಮಧ್ಯಮ". ದಿಲ್ಲಿ ನೋಡ್ರೀ, ನಾವು ಪುಣ್ಯವಂತರು ಅಂತ ಒಂದು ಸಮಾಧಾನ. ಅದು ಸುಳ್ಳೂ ಅಲ್ಲ. 900 ಮೀಟರ್ ಎತ್ತರದ ಬಯಲಿನ ಮೇಲೆ ಕೂತ ಊರು ನಮ್ಮದು, ಜೂನ್‌ನಿಂದ ಸೆಪ್ಟೆಂಬರ್ ಬೀಸುವ ಗಾಳಿ ಎಲ್ಲವನ್ನೂ ಹೊತ್ತೊಯ್ಯುತ್ತದೆ, ಸುತ್ತ ಹಿಮಾಲಯದಂಥ ಗೋಡೆಯಿಲ್ಲ. ಡಿಸೆಂಬರ್ ಜನವರಿ ಬೆಳಿಗ್ಗೆ ಗಾಳಿ ನಿಂತಾಗ ಮಾತ್ರ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ.

ಆದರೆ ಆ "ಸಮಾಧಾನಕರ" ಅನ್ನುವ ಪದದ ಒಳಗೆ ಏನಿದೆ ನೋಡಿ. ನಮ್ಮ ದೇಶದ ಸೂಚ್ಯಂಕದಲ್ಲಿ ಒಂದು ಘನ ಮೀಟರ್ ಗಾಳಿಗೆ ಪಿಎಂ 2.5 ಕಣ 60 ಮೈಕ್ರೊಗ್ರಾಂ ಇರುವವರೆಗೂ ಸಮಾಧಾನಕರವೇ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ 24 ಗಂಟೆಯ ಮಿತಿ 15. ಅಂದರೆ ಅವರ ಮಿತಿಯ ನಾಲ್ಕು ಪಟ್ಟು ಇದ್ದರೂ ನಮಗೆ ಸಮಾಧಾನ! ವರ್ಷದ ಸರಾಸರಿಯೂ ಹಾಗೇ: ನಮ್ಮ ಮಿತಿ 40, ಅವರದು 5, ಬೆಂಗಳೂರು ಇತ್ತೀಚಿನ ವರ್ಷಗಳಲ್ಲಿ ಸುಮಾರು 30ರ ಆಸುಪಾಸು. ಒಂದು ಪರೀಕ್ಷೆಯಲ್ಲಿ ಪಾಸ್, ಇನ್ನೊಂದರಲ್ಲಿ ಆರು ಪಟ್ಟು ಫೇಲ್.

ಇನ್ನೂ ಒಂದಿದೆ. ಆ ಅಂಕಿ 24 ಗಂಟೆಯ ಸರಾಸರಿ, ರಾತ್ರಿ ಮೂರು ಗಂಟೆಯ ಖಾಲಿ ರಸ್ತೆಯೂ ಅದರಲ್ಲಿ ಸೇರಿದೆ. ಸಂಜೆ ಏಳಕ್ಕೆ ಸಿಗ್ನಲ್‌ನಲ್ಲಿ ನಿಂತವನ ಗಾಳಿ ಅದಲ್ಲ. ಅಳತೆ ಕೇಂದ್ರದ ಗಾಳಿ ಕೊಳವೆ ಸಾಮಾನ್ಯವಾಗಿ ನೆಲದಿಂದ 3ರಿಂದ 10 ಮೀಟರ್ ಎತ್ತರದಲ್ಲಿರುತ್ತದೆ, ನಮ್ಮ ಮೂಗು ಒಂದೂವರೆ ಮೀಟರ್‌ನಲ್ಲಿ, ಸ್ಕೂಲಿಗೆ ನಡೆದು ಹೋಗುವ ಮಗುವಿನದು ಒಂದು ಮೀಟರ್‌ನಲ್ಲಿ, ಸಿಲೆನ್ಸರ್‌ಗೆ ಇನ್ನೂ ಹತ್ತಿರ. ಅಮೆರಿಕದ ಹೆಲ್ತ್ ಎಫೆಕ್ಟ್ಸ್ ಇನ್‌ಸ್ಟಿಟ್ಯೂಟ್ 2010ರಲ್ಲಿ ಆವರೆಗಿನ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿದಾಗ ದೊಡ್ಡ ರಸ್ತೆಯ ಹೊಗೆಯ ಪ್ರಭಾವ ಜಾಸ್ತಿ ಇರುವುದು 300ರಿಂದ 500 ಮೀಟರ್ ಒಳಗೆ ಅಂತ ಕಂಡುಬಂತು. ಬೆಂಗಳೂರಿನ ನಕ್ಷೆ ತೆಗೆದು ಪ್ರತಿ ಮೇನ್ ರೋಡಿನ ಎರಡೂ ಬದಿ 300 ಮೀಟರ್ ಬಣ್ಣ ಹಚ್ಚಿದರೆ ಬಿಳಿ ಉಳಿಯುವುದು ಕೆರೆ, ಪಾರ್ಕು, ಕಂಟೋನ್ಮೆಂಟ್ ಮಾತ್ರ ಇರಬೇಕು.

ಎಲೆಕ್ಟ್ರಿಕ್ ಗಾಡಿ ಬಗ್ಗೆ ನಾನು ಬೈಯುತ್ತಿಲ್ಲ, ತಪ್ಪು ತಿಳಿಯಬೇಡಿ. ಹೊಗೆ ಪೂರ್ತಿ ಹೋಗುವುದು ಸಣ್ಣ ವಿಷಯವಲ್ಲ. ಬ್ರೇಕ್ ಸವೆತವೂ ಕಡಿಮೆ, ಯಾಕೆಂದರೆ ನಿಧಾನ ಮಾಡುವ ಕೆಲಸವನ್ನು ಮೋಟಾರೇ ಬಹುಪಾಲು ಮಾಡುತ್ತದೆ. ಆದರೆ ಬ್ಯಾಟರಿ ಭಾರ, ಟೈರು ಸವೆತ ಕಡಿಮೆಯಾಗುವುದಿಲ್ಲ, ಮಣ್ಣೂ ಏಳುತ್ತದೆ. ಯುರೋಪಿನವರು ತಮ್ಮ ಹೊಸ ಮಾಲಿನ್ಯ ನಿಯಮ ಯುರೋ 7ರಲ್ಲಿ ಮೊದಲ ಸಲ ಬ್ರೇಕಿನ ಕಣಗಳಿಗೂ ಮಿತಿ ಹಾಕಿದ್ದಾರೆ: ಮಾಮೂಲಿ ಕಾರಿಗೆ ಕಿಲೋಮೀಟರಿಗೆ 7 ಮಿಲಿಗ್ರಾಂ, ಪೂರ್ತಿ ಎಲೆಕ್ಟ್ರಿಕ್‌ಗೆ 3. ಅಂದರೆ ಹೊಸ ಕಾರಿನಲ್ಲಿ ಸಿಲೆನ್ಸರ್‌ಗೆ ಇರುವ ನಾಲ್ಕೂವರೆಗಿಂತ ಬ್ರೇಕಿಗೆ ಬಿಟ್ಟಿರುವುದೇ ಜಾಸ್ತಿ. ನಮ್ಮ ಬಿಎಸ್-6ರಲ್ಲಿ ಬ್ರೇಕು ಟೈರುಗಳ ಮಾತೇ ಇಲ್ಲ.

ಬಸ್ಸು ಜಾಸ್ತಿ ಮಾಡಿದರೆ ಎಲ್ಲಾ ಸರಿಹೋಗುತ್ತದೆ ಅಂತ ನಾನೂ ನಂಬಿದ್ದೆ. ಒಂದು ಹಾಳೆ ತೆಗೆದು ತೂಕದ ಲೆಕ್ಕ ಹಾಕಿದೆ, ಒರಟು ಲೆಕ್ಕವೇ. 60 ಜನರ ತುಂಬಿದ ಬಸ್ಸು ಸುಮಾರು 15 ಟನ್. ಅಷ್ಟೇ ಜನ ಕಾರಿನಲ್ಲಿ, ಕಾರಿಗೆ ಒಂದೂವರೆ ಜನದ ಹಾಗೆ ಹೋದರೆ 40 ಕಾರು, 50 ಟನ್. ಧೂಳಿನ ಮಟ್ಟಿಗೆ ಬಸ್ಸು ಸಲೀಸಾಗಿ ಗೆಲ್ಲುತ್ತದೆ. ಆದರೆ ಅದೇ 60 ಜನ ಒಬ್ಬೊಬ್ಬರೇ ಸ್ಕೂಟರಿನಲ್ಲಿ ಹೋದರೆ 11 ಟನ್ ಅಷ್ಟೇ. ಬೆಂಗಳೂರಿನಲ್ಲಿ ನೋಂದಣಿಯಾದ ಗಾಡಿಗಳು ಒಂದು ಕೋಟಿ ದಾಟಿವೆ, ಅದರಲ್ಲಿ ಮೂರರಲ್ಲಿ ಎರಡು ಪಾಲು ದ್ವಿಚಕ್ರ. ಸ್ಕೂಟರಿನವರನ್ನು ಬಸ್ಸಿಗೆ ಹತ್ತಿಸಿದರೆ ಹೊಗೆ ಇಳಿಯುತ್ತದೆ, ಟ್ರಾಫಿಕ್ ಇಳಿಯುತ್ತದೆ, ಧೂಳು ಮಾತ್ರ ಅಷ್ಟಾಗಿ ಇಳಿಯುವುದಿಲ್ಲ, ರಸ್ತೆ ಮೇಲಿನ ಮಣ್ಣು ತೆಗೆಯುವವರೆಗೆ. ಕಂಬದ ಮೇಲೆ ಓಡುವ ಮೆಟ್ರೋ ರಸ್ತೆಯ ಮಣ್ಣನ್ನು ಮುಟ್ಟುವುದೇ ಇಲ್ಲ, 2025ರ ಆಗಸ್ಟ್‌ನಲ್ಲಿ ಸಿಲ್ಕ್ ಬೋರ್ಡ್ ಮೂಲಕ ಹಳದಿ ಮಾರ್ಗ ಶುರುವಾದಾಗ ನಾನು ಖುಷಿಪಟ್ಟಿದ್ದು ಅದಕ್ಕೆ. ಅದನ್ನು ಕಟ್ಟುವಷ್ಟು ವರ್ಷ ತಿಂದ ಧೂಳಿನ ಲೆಕ್ಕ ಬೇರೆ ಬಿಡಿ.

ರಸ್ತೆಯ ಮಣ್ಣೂ ಹೊಗೆಯೂ ಹೋಗುವವರೆಗೆ ನಾವು ಮಾಡುವುದೇನು ಅಂದರೆ, ಕರ್ಚೀಫ್ ಕಟ್ಟಿಕೊಂಡರೆ ದಪ್ಪ ಧೂಳು ನಿಲ್ಲುತ್ತದೆ, ಸಣ್ಣ ಕಣಕ್ಕೆ ಅದು ತೆರೆದ ಬಾಗಿಲು. ಎನ್95 ಮುಖಕ್ಕೆ ಸರಿಯಾಗಿ ಕೂತರೆ ಎರಡನ್ನೂ ತಡೆಯುತ್ತದೆ. ಕಾರಿನಲ್ಲಿ ಟ್ರಾಫಿಕ್ ಮಧ್ಯೆ ಸಿಕ್ಕಿಕೊಂಡಾಗ ಹೊರಗಿನ ಗಾಳಿ ಬರುವ ಬಟನ್ ಮುಚ್ಚಿ, ರಸ್ತೆ ಖಾಲಿಯಾದ ಮೇಲೆ ತೆಗೆಯಿರಿ. ನಡೆಯುವವರು, ಸೈಕಲ್ಲಿನವರು ಮೇನ್ ರೋಡ್ ಬಿಟ್ಟು ಒಳಗಿನ ಕ್ರಾಸ್ ಹಿಡಿದರೆ ದಾರಿ ಐದು ನಿಮಿಷ ಜಾಸ್ತಿ, ಹೊಗೆ ಗಣನೀಯವಾಗಿ ಕಡಿಮೆ.

ಇದನ್ನೇ ಹೂವಿನ ಅಕ್ಕನಿಗೂ ಹೇಳಿದ್ದೆ, ಸ್ವಲ್ಪ ಒಳಗೆ ಕೂತುಕೊಳ್ಳಿ ಅಂತ. "ಒಳಗೆ ಕೂತ್ರೆ ಹೂ ತಗೊಳ್ಳೋರು ಯಾರು?" ಅಂದಿದ್ದರು. ಹೋದ ವಾರ ನೋಡಿದರೆ ನಿಜವಾಗಿಯೂ ಇಪ್ಪತ್ತು ಹೆಜ್ಜೆ ಒಳಗೆ, ಕ್ರಾಸಿನ ಮೆಡಿಕಲ್ ಶಾಪ್ ಪಕ್ಕಕ್ಕೆ ಬುಟ್ಟಿ ಹೋಗಿತ್ತು. ವ್ಯಾಪಾರ ಸ್ವಲ್ಪ ಕಡಿಮೆಯಂತೆ, ನೀರು ಎರಡೇ ಸಲ ಸಾಕಂತೆ. ಈ ಸೋಮವಾರ ಆ ಕ್ರಾಸಿಗೆ ಜೆಸಿಬಿ ಬಂದಿದೆ, ಪೈಪ್ ಹಾಕಲು. ಅಗೆದ ಮಣ್ಣನ್ನು ಬುಟ್ಟಿಯ ಎದುರಿಗೇ ಗುಡ್ಡೆ ಹಾಕಿದ್ದಾರೆ.